ತುಡುಗಿನ ಕ್ಯಾಸೆಟ್ಟೇ ಮೊದಲು: ಮನೆಯ ಹಳೇ ರೀಲುಗಳನ್ನು ಕಂಪ್ಯೂಟರಿಗೆ ಇಳಿಸುವ ಬಗೆ

"ಟ್ರಂಕಿನ ತುಂಬ ಅಪ್ಪನ ಕ್ಯಾಸೆಟ್ ಇವೆ ರೀ, ಏನು ಮಾಡೋದು?" ಹೀಗೆ ಕೇಳುವವರು ತಿಂಗಳಿಗೆ ನಾಲ್ಕೈದು ಮಂದಿಯಾದರೂ ಸಿಗುತ್ತಾರೆ. ಹುಬ್ಬಳ್ಳಿ, ಧಾರವಾಡ, ಗದಗ ಕಡೆ ಇಂಥ ಟ್ರಂಕುಗಳು ಜಾಸ್ತಿ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಇದ್ದ ಊರುಗಳಿವು. ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ, ಮನೆಮನೆಯಲ್ಲಿ ಧಾರವಾಡ ಆಕಾಶವಾಣಿ. ಒಂದು ಟೇಪ್ ರೆಕಾರ್ಡರ್ ಬಂತೆಂದರೆ ಮನೆಯವರು ಸುಮ್ನೆ ಕೂರುತ್ತಿದ್ದರೇ?

ಎಲ್ಲರೂ ಕೇಳುವ ಎರಡನೇ ಪ್ರಶ್ನೆ, ಯಾವುದರಿಂದ ಶುರು ಮಾಡಬೇಕು ಅನ್ನುವುದು. ಹೆಚ್ಚಿನವರು ದೊಡ್ಡ ಗಾಯಕರ ಕ್ಯಾಸೆಟ್ ಕೈಗೆತ್ತಿಕೊಳ್ಳುತ್ತಾರೆ. ಮಾಲಕಂಸ, ತೋಡಿ, ದಾಸರ ಪದ. ನಾನು ಬೇಡ ಅನ್ನುತ್ತೇನೆ. ನೀವು ನಾಚಿಕೊಂಡು ಟ್ರಂಕಿನ ತಳಕ್ಕೆ ತಳ್ಳಿದ್ದಿರಲ್ಲ, ಆ ಕ್ಯಾಸೆಟ್ ಮೊದಲು ತೆಗೆಯಿರಿ.

ನಮ್ಮ ಕಡೆ ಮಕ್ಕಳು ಅಡುಗೆಮನೆಯಲ್ಲಿ ಬೆಲ್ಲ ಕದ್ದು ತಿಂದರೆ 'ತುಡುಗು' ಅನ್ನುತ್ತೇವೆ. ಹಾಡಿನಲ್ಲೂ ತುಡುಗು ಇರುತ್ತದೆ. ಹಿರಿಯರ ಮುಂದೆ ಹಚ್ಚಲಾಗದ ಡಬಲ್ ಮೀನಿಂಗ್ ಜಾನಪದ, ಡಿಸ್ಕೋ ಬೀಟು ಸೇರಿಸಿದ ಭಜನೆ, ಅಳುಮುಂಜಿ ಪ್ರೇಮಗೀತೆ, ನಾಟಕ ಕಂಪನಿಯ ಹಾಸ್ಯದ ತುಣುಕು. ನನ್ನದೊಂದಿದೆ, ಹೇಳಿಬಿಡುತ್ತೇನೆ. ಮದುವೆ ಬ್ಯಾಂಡಿನವರು ಬಾರಿಸಿದ ಸಿನಿಮಾ ಹಾಡುಗಳ ಕ್ಯಾಸೆಟ್. ಕ್ಲಾರಿಯೋನೆಟ್ ಅಪಸ್ವರ, ಡ್ರಮ್ಮು ವಿಪರೀತ. ವಾರಕ್ಕೊಮ್ಮೆ ಕೇಳದಿದ್ದರೆ ನನಗೆ ನಡೆಯುವುದಿಲ್ಲ.

ಏನೇನು ಬೇಕು?

ಕ್ಯಾಸೆಟ್ ನುಡಿಸುವ ಒಂದು ಒಳ್ಳೆ ಡೆಕ್, ಅಥವಾ ಹೆಡ್‌ಫೋನ್ ತೂತಿರುವ ಟೂ-ಇನ್-ಒನ್, ಅಂದರೆ ರೇಡಿಯೊ, ಟೇಪು ಎರಡೂ ಇರುವ ಪೆಟ್ಟಿಗೆ. ಬ್ಯಾಟರಿ ಗಟ್ಟಿ ಇರುವ ಲ್ಯಾಪ್‌ಟಾಪ್. ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಅಂದರೆ ಡೆಕ್ಕಿನಿಂದ ಬರುವ ಸದ್ದನ್ನು ಕಂಪ್ಯೂಟರಿಗೆ ಅರ್ಥವಾಗುವ ಅಂಕಿಗಳನ್ನಾಗಿ ಮಾಡುವ ಸಣ್ಣ ಡಬ್ಬಿ. ಅದಕ್ಕೆ ಹೊಂದುವ ಕೇಬಲ್ಲು. ಆಡಾಸಿಟಿ ಎಂಬ ತಂತ್ರಾಂಶ. ಇದು ಪುಕ್ಕಟೆ ಸಿಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್, ಕಿವಿಗೆ ಹಾಕುವ ಹತ್ತಿಕಡ್ಡಿ, ಸಣ್ಣ ಸ್ಕ್ರೂ ಡ್ರೈವರ್. ಮತ್ತೆ ಆರು ಮೂಲೆಯ ಒಂದು ಪೆನ್ಸಿಲ್. ಅದು ಯಾಕೆಂದು ನಲವತ್ತು ದಾಟಿದವರಿಗೆ ಹೇಳಬೇಕಿಲ್ಲ.

ನೇರವಾಗಿ ಯುಎಸ್‌ಬಿಗೆ ಚುಚ್ಚುವ ಅಗ್ಗದ ಕ್ಯಾಸೆಟ್ ಪ್ಲೇಯರ್‌ಗಳೂ ಸಿಗುತ್ತವೆ. ಅನುಕೂಲವೇನೋ ಹೌದು. ಆದರೆ ಅವುಗಳಲ್ಲಿ ರೀಲು ಒಂದೇ ವೇಗದಲ್ಲಿ ಓಡುವುದು ಕಷ್ಟ. ಮಾತಿನ ಕ್ಯಾಸೆಟ್ಟಾದರೆ ಸಾಗುತ್ತದೆ. ತಂಬೂರಿ ಇರುವ ಹಾಡಾದರೆ ಹಡಗಿನ ಮೇಲೆ ಕೂತು ಕೇಳಿದ ಹಾಗಾಗುತ್ತದೆ. ಮನೆಯ ಹಳೇ ಡೆಕ್ಕನ್ನು ರಿಪೇರಿ ಮಾಡಿಸುವುದೇ ಮೇಲು. ಬಹಳ ಸಲ ಅದರಲ್ಲಿ ಕೆಟ್ಟಿರುವುದು ಒಳಗಿನ ರಬ್ಬರ್ ಬೆಲ್ಟ್ ಒಂದೇ. ವರ್ಷಗಟ್ಟಲೆ ಸುಮ್ನೆ ಇಟ್ಟರೆ ಅದು ಸಡಿಲಾಗುತ್ತದೆ, ಇಲ್ಲವೇ ಕರಗಿ ಅಂಟಂಟಾಗುತ್ತದೆ.

1. ಮೂರು ಗುಂಪು ಮಾಡಿ

ಎಲ್ಲ ಕ್ಯಾಸೆಟ್ ನೆಲಕ್ಕೆ ಹರವಿ. ಈ ಹಂತಕ್ಕೆ ಒಂದು ಇಡೀ ಭಾನುವಾರ ಕೊಡಿ.

ಮೊದಲ ಗುಂಪು, ಮನೆಯಲ್ಲೇ ತುಂಬಿಸಿದ್ದು. ಅಜ್ಜಿ ಹಾಡಿದ ಸೋಬಾನ ಪದ, ಊರ ಗುಡಿಯ ಭಜನೆ, ಮೊಹರಂ ಹೊತ್ತಿನ ರಿವಾಯತ್ ಪದ, ರೇಡಿಯೊ ಮುಂದೆ ಟೇಪು ಹಿಡಿದು ತುಂಬಿಸಿಕೊಂಡ ಕಾರ್ಯಕ್ರಮ, ಮಗುವಿನ ತೊದಲು. ಇವಕ್ಕೆ ಜಗತ್ತಿನಲ್ಲಿ ಎರಡನೇ ಪ್ರತಿ ಇಲ್ಲ.

ಎರಡನೆಯದು ತುಡುಗಿನ ಗುಂಪು. ಸಂತೆ, ಜಾತ್ರೆ, ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಂಡ ಸಣ್ಣಪುಟ್ಟ ಕಂಪನಿಗಳ ಮಾಲು. ಹಾಡಿದವರ ಹೆಸರು ಅರ್ಧ ಅಳಿಸಿರುತ್ತದೆ, ಕಂಪನಿ ಯಾವಾಗಲೋ ಮುಚ್ಚಿರುತ್ತದೆ. ಇವನ್ನು ಯಾರೂ ಮತ್ತೆ ತರುವುದಿಲ್ಲ. ಮೇಲಾಗಿ ಇಂಥವನ್ನು ಅಗ್ಗದ ರೀಲಿಗೆ ತುಂಬಿರುತ್ತಿದ್ದರು. ಹಾಗಾಗಿ ಬೇಗ ಹಾಳಾಗುವವೂ ಇವೇ.

ಇದೇ ಗುಂಪಿಗೆ ಇನ್ನೊಂದು ಜಾತಿಯೂ ಸೇರುತ್ತದೆ. ಆಗ ಕ್ಯಾಸೆಟ್ ಅಂಗಡಿಗೆ ಹಾಡಿನ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದರು, ನೆನಪಿದೆಯಲ್ವಾ? ಅದರೊಳಗಿನ ಒಂದೊಂದು ಹಾಡೂ ಬೇರೆ ಕಡೆ ಸಿಗಬಹುದು. ಆದರೆ ಆ ಸಾಲು ಸಿಗುವುದಿಲ್ಲ. ಇಪ್ಪತ್ತರ ವಯಸ್ಸಿನ ನಿಮ್ಮ ಅಪ್ಪ, ಶರೀಫರ ತತ್ವಪದ ಆದಮೇಲೆ ಯಾವ ಕ್ಯಾಬರೆ ಹಾಡು ಬೇಕೆಂದರು ಅನ್ನುವುದು ಆ ಕ್ಯಾಸೆಟ್ಟಿಗೆ ಮಾತ್ರ ಗೊತ್ತು. ಹಾಡುಗಳ ಕ್ರಮ ಕೆಡಿಸಬೇಡಿ.

ಮೂರನೆಯದು ದೊಡ್ಡ ಕಂಪನಿಗಳು ಹೊರತಂದದ್ದು. ಭೀಮಸೇನ ಜೋಶಿಯವರ ದಾಸವಾಣಿ, ಹೆಸರಾಂತ ಭಾವಗೀತೆ, ಸಿನಿಮಾ ಹಾಡು. ಇವುಗಳಲ್ಲಿ ಬಹಳಷ್ಟು ಈಗ ಮೊಬೈಲಿನಲ್ಲೇ ಸಿಗುತ್ತವೆ, ಅದೂ ನಿಮ್ಮ ಕ್ಯಾಸೆಟ್ಟಿಗಿಂತ ಸ್ವಚ್ಛವಾಗಿ. ಒಮ್ಮೆ ಹುಡುಕಿ ನೋಡಿ. ಸಿಗದಿದ್ದರೆ ಮಾತ್ರ ಎರಡನೇ ಗುಂಪಿಗೆ ಹಾಕಿ.

ಈ ವಿಂಗಡಣೆ ಯಾಕೆ ಬೇಕು? 60 ನಿಮಿಷದ ಕ್ಯಾಸೆಟ್ ಇಳಿಸಲು 60 ನಿಮಿಷವೇ ಬೇಕು. ಬೇಗ ಓಡಿಸುವ ಅಡ್ಡದಾರಿ ಇಲ್ಲ. ಇನ್ನೂರು ಕ್ಯಾಸೆಟ್ ಇದ್ದರೆ ಇನ್ನೂರು ತಾಸು. ಅರ್ಧಕ್ಕೆ ಬೇಸರ ಬಂದೇ ಬರುತ್ತದೆ. ಬೇಸರ ಬರುವ ಹೊತ್ತಿಗೆ ಎರಡನೇ ಪ್ರತಿ ಇಲ್ಲದವು, ಅಂದರೆ ಮೊದಲ ಎರಡು ಗುಂಪಿನವು, ಕಂಪ್ಯೂಟರಿನೊಳಗೆ ಬಂದಿರಲಿ.

2. ಕ್ಯಾಸೆಟ್ ಪರೀಕ್ಷೆ

ಮೊದಲು ಫೋಟೊ. ಎ ಸೈಡು, ಬಿ ಸೈಡು, ಒಳಗಿನ ಚೀಟಿ, ಪೆನ್ನಿನಲ್ಲಿ ಗೀಚಿದ ಬರಹ, ಎಲ್ಲ.

ಆಮೇಲೆ ಕ್ಯಾಸೆಟ್ಟಿನ ಬೆನ್ನಿನ ಎರಡೂ ಮೂಲೆ ನೋಡಿ. ಅಲ್ಲಿ ಸಣ್ಣ ಪ್ಲಾಸ್ಟಿಕ್ ಹಲ್ಲು ಇದ್ದರೆ ಮುರಿದುಬಿಡಿ. ಅದಿದ್ದರೆ ಕ್ಯಾಸೆಟ್ ಮೇಲೆ ಮತ್ತೆ ರೆಕಾರ್ಡ್ ಆಗುತ್ತದೆ. ಹಲ್ಲಿನ ತೂತಿಗೆ ಯಾರೋ ಸೆಲ್ಲೋಟೇಪ್ ಅಂಟಿಸಿದ್ದರೆ ಅದನ್ನೂ ಕೀಳಿ. ಇದು ಬರೇ ಎಚ್ಚರಿಕೆಯ ಮಾತಲ್ಲ. ನಮ್ಮ ಸೋದರತ್ತೆಯ ಹಾಡಿನ ನಡುವೆ ನಲವತ್ತು ಸೆಕೆಂಡು ನನ್ನದೇ ಕುರ್ಚಿ ಕಿರುಗುಟ್ಟುವ ಸದ್ದಿದೆ. ಪ್ಲೇ ಒತ್ತುವ ಬದಲು ಎರಡು ಗುಂಡಿ ಒಟ್ಟಿಗೆ ಒತ್ತಿದ್ದೆ.

ಕಿಟಕಿಯೊಳಗೆ ರೀಲಿನ ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತಿದೆಯೇ? ಅದು ಬೂಸಲು. ಧಾರವಾಡದ ಜಿಟಿಜಿಟಿ ಮಳೆಗೆ ಗೋಡೆಯ ಕಪಾಟಿನಲ್ಲಿಟ್ಟ ಕ್ಯಾಸೆಟ್ಟಿಗೆ ಇದು ಬರುವುದು ಸಾಮಾನ್ಯ. ಅಂಥದ್ದನ್ನು ಯಾವ ಕಾರಣಕ್ಕೂ ಡೆಕ್ಕಿಗೆ ಹಾಕಬೇಡಿ. ಡೆಕ್ಕಿಗೆ ಹತ್ತಿ ಅಲ್ಲಿಂದ ಉಳಿದ ಕ್ಯಾಸೆಟ್ಟಿಗೂ ಹರಡುತ್ತದೆ. ಬೇರೆ ಡಬ್ಬಿಯಲ್ಲಿಡಿ. ಮುಟ್ಟುವಾಗ ಮೂಗಿಗೆ ಮಾಸ್ಕ್ ಇರಲಿ. ಬೂಸಲು ಹಿಡಿದದ್ದು ಮೊದಲ ಗುಂಪಿನದಾದರೆ ಈ ಕೆಲಸ ಬಲ್ಲವರ ಕೈಗೆ ಕೊಡುವುದೇ ಕ್ಷೇಮ.

ಇನ್ನು, ಬಿಸಿಲಿಗೆ ಹಾಕಿ ಒಣಗಿಸುವ ಅಭ್ಯಾಸ. ದಯವಿಟ್ಟು ಬೇಡ. ಇದು ಹಪ್ಪಳ ಅಲ್ಲ. ಏಪ್ರಿಲ್ ತಿಂಗಳ ಗದಗಿನ ಬಿಸಿಲಿನಲ್ಲಿ ಮಾಳಿಗೆ ಮೇಲಿಟ್ಟರೆ ಕ್ಯಾಸೆಟ್ಟಿನ ಡಬ್ಬಿಯೇ ಸೊಟ್ಟಗಾಗುತ್ತದೆ. ನೆರಳಿನಲ್ಲಿ, ಗಾಳಿ ಆಡುವ ಕಡೆ ಇಡಿ.

ರೀಲಿನ ಬಾಯಿಯ ನಡುವೆ ಸಣ್ಣ ಮೆತ್ತನೆ ತುಂಡು ಇರುತ್ತದೆ. ರೀಲನ್ನು ಹೆಡ್ಡಿಗೆ, ಅಂದರೆ ಡೆಕ್ಕಿನಲ್ಲಿ ರೀಲನ್ನು ಓದುವ ಭಾಗಕ್ಕೆ, ಒತ್ತಿ ಹಿಡಿಯುವುದು ಅದರ ಕೆಲಸ. ಅದು ಉದುರಿದ್ದರೆ ಸದ್ದು ಮಂಕಾಗಿ ಬರುತ್ತದೆ. ಬೇಡದ ಒಂದು ಕ್ಯಾಸೆಟ್ಟನ್ನು ಬಲಿಕೊಟ್ಟು ಅದರ ಡಬ್ಬಿಗೆ ನಿಮ್ಮ ರೀಲು ವರ್ಗಾಯಿಸಿ. ಐದು ಸ್ಕ್ರೂ ಇರುವ ಡಬ್ಬಿ ಆರಿಸಿ, ಅಂಟಿಸಿದ್ದು ಬೇಡ. ರೀಲು ತುಂಡಾಗಿದ್ದರೆ ಸೆಲ್ಲೋಟೇಪ್ ಹಚ್ಚಬೇಡಿ. ಅದರ ಅಂಟು ದಿನ ಕಳೆದಂತೆ ಹೊರಬಂದು ಪಕ್ಕದ ಸುತ್ತಿಗೂ ಹಿಡಿಯುತ್ತದೆ. ಇದಕ್ಕೆಂದೇ 3.81 ಮಿಲಿಮೀಟರ್ ಅಗಲದ ಸ್ಪ್ಲೈಸಿಂಗ್ ಟೇಪ್, ಅಂದರೆ ರೀಲು ಜೋಡಿಸುವ ಪಟ್ಟಿ ಸಿಗುತ್ತದೆ.

ಕೊನೆಗೆ, ಜೋಲುಬಿದ್ದ ರೀಲನ್ನು ಪೆನ್ಸಿಲ್‌ನಿಂದ ಬಿಗಿ ಮಾಡಿ. ವರ್ಷಗಟ್ಟಲೆ ಓಡದ ಕ್ಯಾಸೆಟ್ಟನ್ನು ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಸುತ್ತಿಸಿ, ಆಮೇಲೆ ನುಡಿಸಿ. ಸಿ-120 ಎಂದು ಬರೆದವು, ಅಂದರೆ ಸೈಡಿಗೆ ಒಂದು ತಾಸು ಹಿಡಿಯುವವು, ಬಹಳ ತೆಳು ರೀಲಿನವು. ಅವನ್ನು ಮಿಷನ್ನಿನಲ್ಲಿ ಸುತ್ತಿಸಬೇಡಿ, ಕೈಯಲ್ಲೇ ಸುತ್ತಿ.

3. ಡೆಕ್ಕನ್ನು ಸಜ್ಜು ಮಾಡಿ

ಹತ್ತಿಕಡ್ಡಿಗೆ ಆಲ್ಕೋಹಾಲ್ ತಾಗಿಸಿ ಹೆಡ್ ಒರೆಸಿ. ಪಕ್ಕದಲ್ಲಿ ತಿರುಗುವ ತೆಳು ಲೋಹದ ಕಡ್ಡಿಯನ್ನೂ ಒರೆಸಿ. ಕಂದು ಬಣ್ಣ ಬರುವುದು ನಿಂತಮೇಲೆ ನಿಲ್ಲಿಸಿ. ರಬ್ಬರ್ ಚಕ್ರಕ್ಕೆ ಆಲ್ಕೋಹಾಲ್ ಜಾಸ್ತಿ ಬೇಡ, ರಬ್ಬರ್ ಬಿರಿಯುತ್ತದೆ. ಸ್ಯಾನಿಟೈಸರ್ ಜೆಲ್, ಸೆಂಟು, ಸೀಮೆಎಣ್ಣೆ ಇವ್ಯಾವೂ ನಡೆಯುವುದಿಲ್ಲ. ಹತ್ತು ಕ್ಯಾಸೆಟ್ಟಿಗೊಮ್ಮೆ ಮತ್ತೆ ಒರೆಸಿ. ಹಳೇ ರೀಲು ಪುಡಿ ಉದುರಿಸುತ್ತಿದ್ದರೆ ಪ್ರತಿ ಸಲವೂ.

ಈಗ ವೇಗ. ಕ್ಯಾಸೆಟ್ ರೀಲು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಅಳೆಯುವುದು ಹೇಗೆ? ಮೂರನೇ ಗುಂಪು ಈಗ ಉಪಯೋಗಕ್ಕೆ ಬರುತ್ತದೆ. ಮೊಬೈಲಿನಲ್ಲೂ ಸಿಗುವ, ನಿಮ್ಮಲ್ಲಿ ಕ್ಯಾಸೆಟ್ ಕೂಡ ಇರುವ ಒಂದು ಹಾಡು ಆರಿಸಿ. ಎರಡನ್ನೂ ಪಕ್ಕಪಕ್ಕ ಹಚ್ಚಿ. ಶ್ರುತಿ ಒಂದೇ ಇದೆಯೇ? ವೇಗ ಸುಮಾರು ಶೇಕಡಾ 6 ಹೆಚ್ಚಾದರೆ ಷಡ್ಜ ಅರ್ಧ ಸ್ವರ ಏರಿಬಿಡುತ್ತದೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುವುದಾದರೆ, ಕಪ್ಪು ಎರಡರಲ್ಲಿ ಹಾಡಿದ್ದು ಬಿಳಿ ಮೂರಕ್ಕೆ ಹೋಗುತ್ತದೆ. ಹಾರ್ಮೋನಿಯಂ ಬಲ್ಲವರು ಮನೆಯಲ್ಲಿದ್ದರೆ ಪಕ್ಕಕ್ಕೆ ಕೂರಿಸಿಕೊಳ್ಳಿ, ತಟ್ಟನೆ ಹೇಳುತ್ತಾರೆ. ಬಹಳ ಡೆಕ್ಕುಗಳಲ್ಲಿ ಮೋಟಾರಿನ ಹಿಂಬದಿ ವೇಗ ತಿದ್ದುವ ಸಣ್ಣ ಸ್ಕ್ರೂ ಇರುತ್ತದೆ. ರಿಪೇರಿಯವರಿಗೆ ಗೊತ್ತು.

ಇನ್ನೊಂದು ಸ್ಕ್ರೂ ಹೆಡ್ಡಿನ ಪಕ್ಕದಲ್ಲಿದೆ. ಅಜಿಮತ್ ಅನ್ನುತ್ತಾರೆ, ಅಂದರೆ ರೀಲಿಗೆ ಹೆಡ್ ಎಷ್ಟು ನೇರ ನಿಂತಿದೆ ಅನ್ನುವ ಕೋನ. ಕ್ಯಾಸೆಟ್ ತುಂಬಿಸಿದ ಮಿಷನ್ನಿನ ಕೋನವೂ ನಿಮ್ಮ ಡೆಕ್ಕಿನ ಕೋನವೂ ಬೇರೆಯಾದರೆ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ. ಸ್ಕ್ರೂ ಈಗ ಇರುವ ಜಾಗಕ್ಕೆ ಮೊದಲು ಪೆನ್ನಿನಲ್ಲಿ ಗುರುತು ಹಾಕಿ. ಆಮೇಲೆ ಹಾಡು ನಡೆಯುತ್ತಿರುವಾಗ ಕೂದಲೆಳೆಯಷ್ಟೇ ತಿರುಗಿಸಿ. ತಾಳದ ಕಿಣಿಕಿಣಿ, 'ಸ'ಕಾರ ಎಲ್ಲಿ ಚೊಕ್ಕ ಕೇಳುತ್ತದೋ ಅಲ್ಲಿ ಬಿಡಿ. ರೀಲು ಹಾಳಾಗಿದೆ ಎಂದು ಜನ ಕೈಬಿಟ್ಟ ಎಷ್ಟೋ ಕ್ಯಾಸೆಟ್ಟುಗಳ ರೋಗ ಇಷ್ಟೇ ಆಗಿರುತ್ತದೆ.

4. ಜೋಡಣೆ

ಡೆಕ್ಕಿನ ಲೈನ್ ಔಟ್‌ನಿಂದ ಇಂಟರ್‌ಫೇಸಿನ ಲೈನ್ ಇನ್‌ಗೆ ಕೇಬಲ್, ಅಲ್ಲಿಂದ ಲ್ಯಾಪ್‌ಟಾಪಿಗೆ. ಹೆಡ್‌ಫೋನ್ ತೂತಿನಿಂದ ಎಳೆಯುವವರು ವಾಲ್ಯೂಮ್ ಸಣ್ಣದಿಟ್ಟು ಶುರು ಮಾಡಿ.

ಎಲ್ಲರೂ ಎಡವುವ ಜಾಗ: ಲ್ಯಾಪ್‌ಟಾಪಿನ ಹೆಡ್‌ಸೆಟ್ ತೂತಿಗೇ ನೇರ ಚುಚ್ಚುವುದು. ಅದರಲ್ಲಿ ಮೈಕಿನ ದಾರಿ ಒಂದೇ ಇರುತ್ತದೆ. ಸ್ಟೀರಿಯೊ ಹೋಗಿ ಮೊನೊ ಆಗುತ್ತದೆ, ಸದ್ದು ಒಡೆಯುತ್ತದೆ. ಡೆಕ್ಕಿನ ಮುಂದೆ ಮೊಬೈಲಿಟ್ಟು ರೆಕಾರ್ಡ್ ಮಾಡುವುದಂತೂ ಬೇಡವೇ ಬೇಡ. ಕುಕ್ಕರಿನ ಸೀಟಿಯೂ ಹಾಡಿನೊಳಗೆ ಸೇರುತ್ತದೆ.

ಗುಂಯ್ ಅನ್ನುವ ಸದ್ದು ಬಂದರೆ ಅದು ಹೆಚ್ಚಾಗಿ ಕರೆಂಟಿನ 50 ಹರ್ಟ್ಜ್ ಗುಂಗು. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಲ್ಯಾಪ್‌ಟಾಪ್ ಓಡಿಸಿ, ಎಷ್ಟೋ ಸಲ ನಿಂತುಹೋಗುತ್ತದೆ.

5. ಇಳಿಸುವುದು

ಆಡಾಸಿಟಿಯಲ್ಲಿ 48 ಕಿಲೋಹರ್ಟ್ಜ್, 24 ಬಿಟ್ ಇಡಿ. ಮೊದಲ ಅಂಕಿ, ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆ ಎನ್ನುವುದು. ಎರಡನೆಯದು, ಪ್ರತಿ ಅಳತೆ ಎಷ್ಟು ಸೂಕ್ಷ್ಮ ಎನ್ನುವುದು. ಹೀಗೆ ಇಟ್ಟರೆ ಒಂದು ತಾಸಿಗೆ ಸುಮಾರು 1 ಜಿಬಿ ಜಾಗ ಬೇಕು. ಅಷ್ಟು ಜಾಗ ಇಲ್ಲದವರು ಸಿಡಿಯ ಅಳತೆಯಾದ 44.1 ಮತ್ತು 16 ಇಟ್ಟುಕೊಳ್ಳಿ. ಆಗ ತಾಸಿಗೆ 600 ಎಂಬಿ ಚಿಲ್ಲರೆ.

ಹಾಡಿನ ಅತಿ ಜೋರಾದ ಜಾಗ ಹುಡುಕಿ. ಅಲ್ಲಿ ಮೀಟರ್ ಮೈನಸ್ 6ರ ಹತ್ತಿರ ನಿಲ್ಲುವಂತೆ ಮಟ್ಟ ಇಡಿ. ಸೊನ್ನೆ ಮುಟ್ಟಿದರೆ ಸದ್ದು ಬಿರುಕು ಬಿಡುತ್ತದೆ. ಆ ಬಿರುಕನ್ನು ಆಮೇಲೆ ಸರಿಯಾಗಿ ಮುಚ್ಚಲು ಬರುವುದಿಲ್ಲ. ಸಣ್ಣದಾಗಿ ಬಂದದ್ದನ್ನು ಏರಿಸಬಹುದು, ಆದ್ದರಿಂದ ಹೆದರಬೇಡಿ. ವಿಂಡೋಸಿನಲ್ಲಿ 'ಆಡಿಯೊ ಎನ್‌ಹ್ಯಾನ್ಸ್‌ಮೆಂಟ್' ಇದ್ದರೆ ಆಫ್ ಮಾಡಿ. ಇಲ್ಲದಿದ್ದರೆ ಅದು ತಂಬೂರಿಯನ್ನು ಫ್ಯಾನಿನ ಸದ್ದು ಎಂದು ತಿಳಿದು ಅಳಿಸುತ್ತದೆ.

ಡಾಲ್ಬಿ ಬಿ ಅಂದರೆ ರೀಲಿನ ಸುಯ್ ಸದ್ದು ತಗ್ಗಿಸುವ ಏರ್ಪಾಡು. ಕ್ಯಾಸೆಟ್ ಮೇಲೆ ಡಾಲ್ಬಿ ಬಿ ಎಂದಿದ್ದು ಡೆಕ್ಕಿನಲ್ಲೂ ಅದಿದ್ದರೆ ಹಾಕಿ. ಇಲ್ಲದ ಕ್ಯಾಸೆಟ್ಟಿಗೆ ಹಾಕಿದರೆ ಸದ್ದು ಮಂಕಾಗುತ್ತದೆ.

ಒಂದು ಸೈಡು ಒಂದೇ ಫೈಲು. ನಡುವೆ ನಿಲ್ಲಿಸಬೇಡಿ. ಹಾಡು ಮುಗಿಯಿತೆಂದು ಎದ್ದು ಹೋಗಲೂ ಬೇಡಿ, ರೀಲು ಕಟ್ ಎಂದು ನಿಲ್ಲುವವರೆಗೂ ಓಡಲಿ. ಮನೆಯಲ್ಲಿ ತುಂಬಿಸಿದ ಕ್ಯಾಸೆಟ್ಟುಗಳಲ್ಲಿ ಹತ್ತು ನಿಮಿಷ ಖಾಲಿ ಓಡಿ, ಕೊನೆಗೆ ಯಾರೋ "ಬಂದ್ ಮಾಡಲೇ, ಚಹಾ ಆರತೈತಿ" ಅಂದದ್ದು ಸಿಗುತ್ತದೆ. ಹಾಡಿಗಿಂತ ಅದನ್ನೇ ಮನೆಯವರು ಮತ್ತೆ ಮತ್ತೆ ಹಚ್ಚಿಸಿಕೊಳ್ಳುತ್ತಾರೆ.

6. ತೊಳೆಯುವ ಕೆಲಸ, ಕಡಿಮೆ ಇರಲಿ

ಮೂಲ ಫೈಲನ್ನು ಮುಟ್ಟಬೇಡಿ. ಅದರ ಒಂದು ಪ್ರತಿ ತೆಗೆದು ಅದರ ಮೇಲೆ ಕೈಯಾಡಿಸಿ. ನಾಯ್ಸ್ ರಿಡಕ್ಷನ್, ಅಂದರೆ ಸುಯ್ ಸದ್ದು ತೆಗೆಯುವ ಸೌಲಭ್ಯ, ಕೈಗೆ ಸಿಕ್ಕ ಹೊಸದರಲ್ಲಿ ಎಲ್ಲರೂ ಮಿತಿಮೀರಿ ಬಳಸುತ್ತಾರೆ. ಅದಕ್ಕೆ ಖಾಲಿ ರೀಲಿನ ಸುಯ್ ಸದ್ದನ್ನು ಮಾತ್ರ ಮಾದರಿ ಕೊಡಿ. ತಂಬೂರಿ ನುಡಿಯುವ ಜಾಗ ತೋರಿಸಿದಿರೋ, ಇಡೀ ಕಚೇರಿಯಿಂದ ತಂಬೂರಿಯೇ ಮಾಯ. ವೇಗ ತಿದ್ದುವಾಗ ವೇಗ ಮತ್ತು ಶ್ರುತಿ ಎರಡೂ ಒಟ್ಟಿಗೆ ಬದಲಾಗುವ ಆಯ್ಕೆ ತೆಗೆದುಕೊಳ್ಳಿ, ಶ್ರುತಿಯೊಂದನ್ನೇ ತಿದ್ದಬೇಡಿ.

ಇಡಲು ಫ್ಲ್ಯಾಕ್, ಕೇಳಲು ಎಂಪಿ3. ಫ್ಲ್ಯಾಕ್ ಏನನ್ನೂ ಕಳೆಯದೆ ಫೈಲನ್ನು ಚಿಕ್ಕದು ಮಾಡುತ್ತದೆ. ಎಂಪಿ3 ಕಳೆದು ಚಿಕ್ಕದು ಮಾಡುತ್ತದೆ. ಬರೇ ಎಂಪಿ3 ಇಟ್ಟುಕೊಂಡು ಮೂಲ ಅಳಿಸಿದವರು ಆಮೇಲೆ ಪೇಚಾಡುತ್ತಾರೆ.

7. ಹೆಸರಿಡುವುದು

ಸಂಗ್ರಹ ಕೆಡುವುದು ಇಲ್ಲಿಯೇ. 'ಟ್ರ್ಯಾಕ್ 1', 'ಹೊಸದು', 'ಹೊಸದು ಫೈನಲ್' ಎಂದು ಇಟ್ಟ ಫೈಲು ಆರು ತಿಂಗಳಿಗೆ ನಿಮಗೇ ಸಿಗುವುದಿಲ್ಲ. ಪ್ರತಿ ಕ್ಯಾಸೆಟ್ಟಿಗೆ ಒಂದು ನಂಬರ್ ಕೊಡಿ. ಅದೇ ನಂಬರ್ ಡಬ್ಬಿಯ ಮೇಲೆ, ಫೋಟೊ ಮೇಲೆ, ಫೈಲಿನ ಹೆಸರಿನ ಮೊದಲಲ್ಲಿ. ಉದಾಹರಣೆಗೆ '037-ಎ'. ಉಳಿದದ್ದೆಲ್ಲ ಒಂದು ಎಕ್ಸೆಲ್ ಹಾಳೆಗೆ: ಹಾಡಿದವರು, ಸಾಥ್ ನುಡಿಸಿದವರು, ರಾಗ ಅಥವಾ ಹಾಡಿನ ಮೊದಲ ಸಾಲು, ಎಲ್ಲಿ, ಯಾವಾಗ, ಹೇಳಿದವರು ಯಾರು. ವರ್ಷ ಗೊತ್ತಿಲ್ಲವೆಂದರೆ '1980ರ ದಶಕ?' ಎಂದು ಪ್ರಶ್ನಾರ್ಥಕ ಹಾಕಿ ಬರೆಯಿರಿ. ಊಹೆ ಮಾಡಿ ಖಚಿತ ಇಸವಿ ಬರೆಯಬೇಡಿ.

ಹೆಸರುಗಳ ಗೊಂದಲ ನಮ್ಮಲ್ಲಿ ಜಾಸ್ತಿ. ಮನಸೂರ, ಮನ್ಸೂರ್, ಮಾನಸೂರ ಮೂರೂ ಬರೆಯುತ್ತಾರೆ. ಒಂದನ್ನು ಆರಿಸಿ ಎಲ್ಲ ಕಡೆ ಅದನ್ನೇ ಬರೆಯಿರಿ. ಆದರೆ ಚೀಟಿಯ ಮೇಲೆ ಇದ್ದದ್ದನ್ನೂ ಇನ್ನೊಂದು ಅಂಕಣದಲ್ಲಿ ಹಾಗೇ ಇಡಿ. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಕೆಲವು ಗ್ರಾಮಫೋನ್ ತಟ್ಟೆಗಳು ಗಾಂಧಾರಿ ಎಂಬ ಹೆಸರಿನಲ್ಲಿ ಬಂದಿದ್ದವು. ಅದು ತಿಳಿಯದವರು ಬೇರೆ ಯಾರೋ ಎಂದು ಪಕ್ಕಕ್ಕಿಡುತ್ತಾರೆ. ಅಂದಹಾಗೆ ಇಂಥ 78 ಆರ್‌ಪಿಎಂ ತಟ್ಟೆ ಮನೆಯಲ್ಲಿದ್ದರೆ ಎಲ್‌ಪಿಯ ಮುಳ್ಳಿನಿಂದ ನುಡಿಸಬೇಡಿ. ಅದಕ್ಕೆ ದಪ್ಪ ಮುಳ್ಳೇ ಬೇಕು.

ತುಡುಗಿನ ಗುಂಪಿಗೂ ಇಷ್ಟೇ ಶ್ರದ್ಧೆ ಇರಲಿ. 'ಇತರೆ' ಎಂಬ ಫೋಲ್ಡರಿಗೆ ತುರುಕಬೇಡಿ. ಚೀಟಿಯಲ್ಲಿರುವ ಢೋಲಕ್ಕಿನವರ ಹೆಸರು, ಊರು, ಎಷ್ಟು ರೂಪಾಯಿಗೆ ಮಾರಿದ್ದು, ಎಲ್ಲ ಬರೆಯಿರಿ. ಆ ಢೋಲಕ್ಕಿನವರ ಹೆಸರು ಉಳಿದಿರುವುದು ಆ ಚೀಟಿಯೊಂದರಲ್ಲೇ ಇರಬಹುದು.

ಮನೆಯ ಹಿರಿಯರನ್ನು ಈ ಹಂತದಲ್ಲೇ ಕೂರಿಸಿಕೊಳ್ಳಿ, ಮುಂದೂಡಬೇಡಿ. "ಅವ್ವ, ಈ ದನಿ ಯಾರದು?" ಎಂದು ಕೇಳಿ. ಅವರು ಹೇಳುವುದನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

8. ಕಾಪಾಡುವುದು, ಹಂಚುವುದು

ಮೂರು ಪ್ರತಿ ಇರಲಿ. ಎರಡು ಬೇರೆ ಬೇರೆ ಬಗೆಯ ಜಾಗದಲ್ಲಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿ ಅಥವಾ ಕ್ಲೌಡಿನಲ್ಲಿ. ಹುಬ್ಬಳ್ಳಿಯ ಹಾರ್ಡ್ ಡಿಸ್ಕಿನ ಜೊತೆಗಾರ ಹಾವೇರಿಯ ತಂಗಿಯ ಮನೆಯಲ್ಲಿರಲಿ. ಪೆನ್‌ಡ್ರೈವನ್ನು ನಂಬಬೇಡಿ. ವರ್ಷಕ್ಕೊಮ್ಮೆ ನಾಲ್ಕಾರು ಫೈಲು ತೆಗೆದು ಕೇಳಿ ನೋಡಿ.

ಹಂಚುವ ವಿಷಯಕ್ಕೆ ಬಂದರೆ, ನಿಮ್ಮ ಕ್ಯಾಸೆಟ್ಟನ್ನು ನೀವೇ ಕೇಳಲು ಇಳಿಸಿಕೊಳ್ಳುವುದು ಬೇರೆ, ಯೂಟ್ಯೂಬಿಗೆ ಹಾಕುವುದು ಬೇರೆ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು, ಅದು ಹೊರಬಂದ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಇರುತ್ತದೆ. ಹಾಡು ಬರೆದವರ, ರಾಗ ಕೂಡಿಸಿದವರ ಹಕ್ಕು ಮತ್ತೆ ಬೇರೆ. ಕಂಪನಿ ಮುಚ್ಚಿದ ಮಾತ್ರಕ್ಕೆ ಹಕ್ಕು ಮುಗಿಯಿತು ಅಂತಲ್ಲ. ರೇಡಿಯೊದಿಂದ ತುಂಬಿಸಿದ್ದೂ ನಿಮ್ಮದಲ್ಲ. ಮನೆಮಂದಿ ಹಾಡಿದ್ದನ್ನು ಹಾಕುವುದಾದರೆ ಅವರನ್ನು ಕೇಳಿ, ಅವರಿಲ್ಲದಿದ್ದರೆ ಮಕ್ಕಳನ್ನು ಕೇಳಿ.

ಕ್ಯಾಸೆಟ್ ಎಸೆಯಬೇಡಿ. ಪೂರ್ತಿ ಒಂದು ಬದಿಗೆ ಸುತ್ತಿ, ಡಬ್ಬಿಗೆ ಹಾಕಿ, ಪುಸ್ತಕದ ಹಾಗೆ ನಿಲ್ಲಿಸಿಡಿ. ದೊಡ್ಡ ಸ್ಪೀಕರಿನ ಪಕ್ಕ ಬೇಡ, ಅದರೊಳಗೆ ಅಯಸ್ಕಾಂತ ಇರುತ್ತದೆ. ಹಸಿ ಗೋಡೆಗೆ ಒರಗಿಸಬೇಡಿ. ಮಳೆಗಾಲಕ್ಕೆ ನಾಲ್ಕು ಸಿಲಿಕಾ ಜೆಲ್ ಚೀಟಿ ಒಳಗಿರಲಿ.

ಡೆಕ್ಕನ್ನೂ ಕೆಲಸ ಮುಗಿಯಿತೆಂದು ಯಾರಿಗಾದರೂ ಕೊಟ್ಟುಬಿಡಬೇಡಿ. ನೀವು ಹೀಗೆ ಇಳಿಸುತ್ತಿದ್ದೀರಿ ಎಂಬ ಸುದ್ದಿ ಬೀಗರಿಗೆ ಮುಟ್ಟಲು ಹದಿನೈದು ದಿನ ಸಾಕು. ಆಮೇಲೆ ರಾಣೆಬೆನ್ನೂರಿನ ಬಸ್ಸಿನಲ್ಲಿ ಯಾರದೋ ಕೈಯಲ್ಲಿ ಒಂದು ಚೀಲ ಬರುತ್ತದೆ. ಮೇಲುಗಡೆ ಪಂಡಿತರ ಕ್ಯಾಸೆಟ್ ಜೋಡಿಸಿರುತ್ತಾರೆ. ನೀವು ತಳಕ್ಕೆ ಕೈ ಹಾಕಿ.